ಟಾರ್ಚಿಗೆ ಸೆಲ್ಲು ಹಾಕುವ ಕ್ರಮ: ಬಳಕೆದಾರರ ಕೈಪಿಡಿ

ಹೊಸ ಎಲ್‌ಇಡಿ ಟಾರ್ಚಿನ ಡಬ್ಬದಲ್ಲಿ ಸೆಲ್ಲು ಇಲ್ಲ. ಮತ್ತೆ ಮತ್ತೆ ಅಲುಗಾಡಿಸಿ ನೋಡಬೇಡಿ. ಈ ಕೈಪಿಡಿಯನ್ನು ಜನ ಬಿಚ್ಚುವುದು ಕರೆಂಟು ಹೋದ ಮೇಲೆಯೇ ಆದ್ದರಿಂದ ಚುಟುಕಾಗಿ ಹೇಳುತ್ತೇವೆ.

ಹಂತ 1: ಸೆಲ್ಲು ಹುಡುಕುವುದು
ಟಿವಿ ರಿಮೋಟಿನ ಬೆನ್ನು ಬಿಚ್ಚುವ ಮುನ್ನ ಮನೆಯವರ ಒಪ್ಪಿಗೆ ಪಡೆಯಿರಿ. ಸೆಲ್ಲಿಗೆ ಜೀವ ಬರಲೆಂದು ಬಿಸಿಲಿಗಿಡುವುದು, ಹಲ್ಲಲ್ಲಿ ಕಚ್ಚುವುದು ಪರಂಪರಾಗತ ವಿದ್ಯೆಗಳು. ಅವುಗಳಿಗೆ ಕಂಪನಿ ಹೊಣೆಯಲ್ಲ.

ಹಂತ 2: ಲೆಕ್ಕ
ಬಿಳಿ ಎಲ್‌ಇಡಿ ಚೆನ್ನಾಗಿ ಬೆಳಗಲು 3 ವೋಲ್ಟ್, ಅಥವಾ ತುಸು ಹೆಚ್ಚು ಬೇಕು. ಹೊಸ ಆಲ್ಕಲೈನ್ ಸೆಲ್ಲು ಒಂದಕ್ಕೆ 1.5. ಎರಡು ಹಾಕಿದರೆ ಲೆಕ್ಕ ಸರಿಹೋದಂತೆ ಕಂಡರೂ, ಬಳಸುತ್ತಾ ಹೋದಂತೆ ವೋಲ್ಟೇಜು ಇಳಿದು ದೀಪ ಬೇಗ ಮಂಕಾಗುತ್ತದೆ. ಆದ್ದರಿಂದಲೇ ಅಗ್ಗದ ಟಾರ್ಚುಗಳಲ್ಲಿ ಮೂರು ಸೆಲ್ಲಿನ ಪ್ಲಾಸ್ಟಿಕ್ ಗೂಡು: ಒಟ್ಟು 4.5. ಮಿಕ್ಕಿದ್ದನ್ನು ಪುಟ್ಟ ರೆಸಿಸ್ಟರ್ ಒಂದು ಶಾಖವಾಗಿಸಿ ಕಳೆಯುತ್ತದೆ. ಒಂದೇ ಸೆಲ್ಲಿನಲ್ಲಿ ಉರಿಯುವ ಟಾರ್ಚಿದ್ದರೆ ಅದು ಪವಾಡವಲ್ಲ, ಒಳಗೆ ವೋಲ್ಟೇಜು ಏರಿಸುವ ಸರ್ಕ್ಯೂಟಿದೆ.

ಹಂತ 3: ಸೇರಿದ್ದೆಲ್ಲ ಸರಿಯಲ್ಲ
14500 ಎಂಬ ಲಿಥಿಯಂ ಸೆಲ್ಲು ನೋಡಲು ಥೇಟ್ ಪೆನ್ಸಿಲ್ ಸೆಲ್ಲೇ. ಹೆಸರಿನಲ್ಲಿರುವುದು ಅಳತೆ ಮಾತ್ರ: 14 ಮಿ.ಮೀ. ದಪ್ಪ, 50 ಮಿ.ಮೀ. ಉದ್ದ. ವೋಲ್ಟೇಜು ಮಾತ್ರ 3.7, ಪೂರ್ತಿ ಚಾರ್ಜಾದಾಗ 4.2. ಎರಡು ಪೆನ್ಸಿಲ್ ಸೆಲ್ಲಿನ ಟಾರ್ಚಿಗೆ ಇಂಥವೆರಡು ತುರುಕಿದರೆ 8.4! ಹಳೆಯ ಬಲ್ಬು ಕೂಡುಕುಟುಂಬದ ಹಿರಿಸೊಸೆಯಂತೆ ಒಂದಿಷ್ಟು ಹೆಚ್ಚುಕಮ್ಮಿ ಸಹಿಸುತ್ತಿತ್ತು: ತಂತಿ ಕಾದಷ್ಟೂ ಅದರ ರೋಧ ಏರಿ ಕರೆಂಟು ಹದ್ದುಬಸ್ತಿನಲ್ಲಿರುತ್ತಿತ್ತು. ಎಲ್‌ಇಡಿಯದು ತದ್ವಿರುದ್ಧ. ವೋಲ್ಟೇಜು ಚೂರು ಏರಿದರೆ ಕರೆಂಟು ಹಲವು ಪಟ್ಟು ನುಗ್ಗುತ್ತದೆ. ಕಾದಷ್ಟೂ ಇನ್ನೂ ಎಳೆಯುತ್ತದೆ. ಕಣ್ಣು ಕುಕ್ಕುವ ಬೆಳಕು ನೀಲಿಗೆ ತಿರುಗಿತೆಂದರೆ ಮೆಚ್ಚಿ ನೆರೆಮನೆಯವರನ್ನು ಕರೆಯಬೇಡಿ, ಮೊದಲು ಸ್ವಿಚ್ ಆಫ್ ಮಾಡಿ.

ದೋಷ ನಿವಾರಣೆ
ಉರಿಯುತ್ತಲೇ ಇಲ್ಲ: ಸೆಲ್ಲು ತಿರುಗಿಸಿ ಹಾಕಿ. ಬಲ್ಬಿಗೆ ಹಿಂದುಮುಂದು ಒಂದೇ ಆಗಿತ್ತು, ಎಲ್‌ಇಡಿಗೆ ಅಲ್ಲ.
ತಟ್ಟಿದರೆ ಉರಿಯುತ್ತದೆ: ಸ್ಪ್ರಿಂಗಿನ ತುಕ್ಕು ಉಜ್ಜಿ. ತಟ್ಟುವುದು ರಿಪೇರಿಯಲ್ಲ.
ಎರಡು ಹೊಸದು, ಒಂದು ಹಳೆಯದು ಹಾಕಿದ್ದೇವೆ: ಉಳಿತಾಯ ಮೆಚ್ಚತಕ್ಕದ್ದು. ಹೊಸವೆರಡೂ ಬರಿದಾದ ಹಳೆಯದರ ಮೂಲಕ ಕರೆಂಟು ನೂಕಿ ಅದನ್ನು ಸೋರಿಸುತ್ತವೆ. ಒಳಗೆ ಕಾಣುವ ಬಿಳಿ ಪುಡಿ ಆ ಉಳಿತಾಯದ ಬಡ್ಡಿ.

ವಾರಂಟಿ
‘ಒಳಗೆ ಸೇರಿತಲ್ಲ, ಅದಕ್ಕೇ ಹಾಕಿದೆ’ ಎಂಬ ಸಮಜಾಯಿಷಿಗೆ ವಾರಂಟಿ ಅನ್ವಯಿಸದು. ಸೆಲ್ಲು ಬದಲಿಸಿ ತಂದು ‘ನಾವು ಮುಟ್ಟೇ ಇಲ್ಲ ಸ್ವಾಮಿ’ ಎಂದರೂ ಪ್ರಯೋಜನವಿಲ್ಲ. ನಮ್ಮವರು ಟಾರ್ಚನ್ನು ಮೊದಲು ಮೂಸಿ ನೋಡುತ್ತಾರೆ.