ವೀಣೆಗೆ ನೆಗಡಿಯಾದ ಪ್ರಸಂಗ

ನನ್ನ ಭಾವಮೈದುನನ ಮನೆಯ ಹಾಲಿನಲ್ಲಿ ಈಗ ಬಾಗಿಲಿನಷ್ಟು ಅಗಲದ ಎರಡು ಪ್ಲೈವುಡ್ ಹಲಗೆಗಳು ನಿಂತಿವೆ. ಒಂದೊಂದರ ನಡುವೆಯೂ ದೊಡ್ಡ ತೂತು, ತೂತಿನಲ್ಲಿ 12 ಇಂಚಿನ ಗಿಟಾರ್ ಸ್ಪೀಕರ್. ಹಿಂದೆ ಪೆಟ್ಟಿಗೆಯಿಲ್ಲ, ಮುಂದೆ ಜಾಲರಿಯಿಲ್ಲ. "ಓಪನ್ ಬ್ಯಾಫಲ್ ಭಾವ, ಧ್ವನಿ ಉಸಿರಾಡಬೇಕು" ಅನ್ನುತ್ತಾನೆ. ಮನೆಯವರು ಉಸಿರಾಡಲು ಉಳಿದಿರುವುದು ಹಲಗೆಗೂ ಸೋಫಾಕ್ಕೂ ನಡುವಿನ ಒಂದೂವರೆ ಅಡಿ.

ಹುಚ್ಚಿನಲ್ಲಿ ಲೆಕ್ಕವಿಲ್ಲ ಅನ್ನಬೇಡಿ. ಎಲ್ಲ ಶುರುವಾದದ್ದು ಅವನು ತಂದ 300ಬಿ ವಾಲ್ವ್ ಆಂಪ್ಲಿಫೈಯರ್‌ನಿಂದ. ತೂಕ ಅಕ್ಕಿ ಮೂಟೆಯದು, ಶಕ್ತಿ 8 ವ್ಯಾಟ್. ಸಾಮಾನ್ಯ ಮನೆ ಸ್ಪೀಕರ್ 1 ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರಕ್ಕೆ 87 ಡೆಸಿಬೆಲ್ ಸದ್ದು ಮಾಡಿದರೆ, ಗಿಟಾರ್ ಸ್ಪೀಕರ್ 100 ಮಾಡುತ್ತದೆ. ಈ 13 ಡೆಸಿಬೆಲ್ ವ್ಯತ್ಯಾಸವೆಂದರೆ ಶಕ್ತಿಯಲ್ಲಿ 20 ಪಟ್ಟು. ಅವನ 8 ವ್ಯಾಟಿಗೆ 160 ವ್ಯಾಟಿನ ಗಂಟಲು ಬಂತು. ಲೆಕ್ಕ ಸರಿಯಿರುವ ಹುಚ್ಚಿಗೆ ನಿಮ್ಹಾನ್ಸ್‌ನಲ್ಲೂ ಮದ್ದಿಲ್ಲ.

ಅವನು ತರಿಸಿದ್ದು ಸೆಲೆಸ್ಟಿಯನ್ ಕಂಪನಿಯ ವಿಂಟೇಜ್ 30. ಹೆಸರು ಪುರಾತನ, ಹುಟ್ಟಿದ್ದು 1980ರ ದಶಕದಲ್ಲಿ. ಹೆಸರಲ್ಲಿ 30, ತಡೆಯುವುದು 60 ವ್ಯಾಟ್. ಇಷ್ಟು ಸುಳಿವು ಕೊಟ್ಟಮೇಲೂ ನಂಬಿದರೆ ಸ್ಪೀಕರಿನ ತಪ್ಪೇನಿಲ್ಲ.

ಅಷ್ಟೊಂದು ಸದ್ದು ಪುಕ್ಕಟೆ ಬರುವುದಿಲ್ಲವಲ್ಲ. ಹಗುರ ಕಾಗದದ ಕೋನು, ಅದರ ಅಂಚೂ ಗರಿಗರಿ ಮಡಿಕೆಯ ಕಾಗದವೇ, ಚಿಕ್ಕ ಕಾಯಿಲು, ದೊಡ್ಡ ಅಯಸ್ಕಾಂತ. ಕೋನು ಮುಂದೆ ಹಿಂದೆ ಆಡಲು ಇರುವ ಜಾಗ ತುಸುವೇ ತುಸು. ಆದರೆ ಶ್ರುತಿ ಒಂದು ಸ್ಥಾಯಿ ಕೆಳಗಿಳಿದರೆ ಅಷ್ಟೇ ಸದ್ದಿಗೆ ಕೋನು ನಾಲ್ಕು ಪಟ್ಟು ಆಡಬೇಕು. ಗಿಟಾರಿಗೆ ಅದರ ಗೊಡವೆಯಿಲ್ಲ. ಅದರ ದಪ್ಪ ತಂತಿ 82 ಹರ್ಟ್ಸ್‌ನಲ್ಲೇ ನಿಲ್ಲುತ್ತದೆ. ಮೇಲೆ 5000 ದಾಟಿದರೆ ಸ್ಪೀಕರ್ ಕೈಚೆಲ್ಲುತ್ತದೆ. ನಮ್ಮ ಕಿವಿ ಕೇಳುವುದು 20ರಿಂದ 20,000. ಮೇಲೆ ಎರಡು ಸ್ಥಾಯಿ, ಕೆಳಗೆ ಹೆಚ್ಚುಕಡಿಮೆ ಎರಡು ಸ್ಥಾಯಿ ನಾಪತ್ತೆ. ಅದೂ ಸಾಲದೆಂಬಂತೆ ಹಲಗೆಯ ಹಿಂಬದಿಯಿಂದ ಹೊರಟ ಮಂದ್ರದ ಅಲೆ ಅಂಚು ಸುತ್ತಿ ಬಂದು ಮುಂದಿನ ಅಲೆಯನ್ನೇ ನುಂಗುತ್ತದೆ. ಧ್ವನಿ ಉಸಿರಾಡುವ ಬಗೆ ಇದು.

ಉಳಿದ ನಡುಭಾಗವಾದರೂ ನೆಟ್ಟಗಿದೆಯೇ? 2000ದಿಂದ 4000 ಹರ್ಟ್ಸ್ ಆಸುಪಾಸಿನಲ್ಲಿ ಒಂದು ಗೂನು. ಬೇಕೆಂದೇ ಇಟ್ಟ ಗೂನು, ಡ್ರಮ್ಮಿನ ಗಲಾಟೆಯಲ್ಲೂ ಗಿಟಾರ್ ಕೇಳಬೇಕಲ್ಲ. ಹೈ-ಫೈ ಸ್ಪೀಕರಿನ ಕೆಲಸ ಬೇರೆಯವರ ಮಾತನ್ನು ತನ್ನದೇನೂ ಸೇರಿಸದೆ ತಲುಪಿಸುವುದು. ಗಿಟಾರ್ ಸ್ಪೀಕರ್ ತಾನೇ ಅರ್ಧ ವಾದ್ಯ, ಒರಟುತನವೇ ಅದರ ಕಸುಬು. ಲಿಂಕ್ ರೇ 1958ರ 'ರಂಬಲ್'ಗಾಗಿ ಸ್ಪೀಕರಿಗೆ ಪೆನ್ಸಿಲ್ಲಿನಿಂದ ತೂತು ಹೊಡೆದ. 1964ರಲ್ಲಿ 'ದಿ ಕಿಂಕ್ಸ್' ತಂಡದ ಡೇವ್ ಡೇವಿಸ್ ಬ್ಲೇಡಿನಿಂದ ಕೋನನ್ನೇ ಸೀಳಿದ. ಹರಿದಮೇಲೆ ಇನ್ನೂ ಚೆನ್ನಾಯಿತು ಎಂದು ಲೋಕ ಚಪ್ಪಾಳೆ ತಟ್ಟಿದ ಉಪಕರಣದಲ್ಲಿ ನನ್ನ ಭಾವಮೈದುನ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಹಾಕಿದ.

ಅತ್ತೆ ಮೈಸೂರಿನವರು. ಅಯ್ಯಂಗಾರ್ಯರ ಕಚೇರಿಯನ್ನು ಎದುರು ಕೂತು ಕೇಳಿದವರು. ಬಿಡಿಸುತ್ತಿದ್ದ ಅವರೆಕಾಳನ್ನು ಪಕ್ಕಕ್ಕಿಟ್ಟು ಎರಡು ನಿಮಿಷ ಆಲಿಸಿದರು.

"ಏನೋ, ವೀಣೆಗೆ ನೆಗಡಿಯಾಗಿದ್ಯೇನೋ?"

"ಅಮ್ಮ, ಇದು ಜೀವಂತ ಧ್ವನಿ."

"ಜೀವ ಇರೋದಕ್ಕೇ ನೆಗಡಿ ಆಗೋದು. ಮೃದಂಗದವರು ಎಡಗೈ ಊಟಕ್ಕೆ ಕಳಿಸಿದ್ದಾರಾ?"

ಎಡಗೈ ನುಡಿಸುವ ತೊಪ್ಪಿಯ ಗುಂಕಿ ನಿಜಕ್ಕೂ ಇರಲಿಲ್ಲ. ತಾಳದ ತಂತಿಗಳ ಮಿನುಗೂ ಇಲ್ಲ. ಒಂದೊಂದು ಮೀಟೂ ಮೂಗಿನಿಂದಲೇ ಬರುತ್ತಿತ್ತು. "ಕೂರೋ ಜಾಗ ಸರಿಯಿಲ್ಲ" ಎಂದು ಅಮ್ಮನನ್ನು ಎಬ್ಬಿಸಿ ಸೋಫಾದ ನಟ್ಟನಡುವೆ ಕೂರಿಸಿದ. ಅಷ್ಟಗಲದ ಕೋನು ಮೇಲಿನ ಸ್ವರಗಳನ್ನು ಟಾರ್ಚಿನ ಬೆಳಕಿನಂತೆ ನೇರಕ್ಕೆ ಮಾತ್ರ ಚೆಲ್ಲುತ್ತದೆ. ಅತ್ತೆಗೆ ಈಗ ನೆಗಡಿ ಇನ್ನೂ ಸ್ಪಷ್ಟವಾಗಿ ಕೇಳಿಸಿತು. ಹೆತ್ತವರಿಗೆ ಹೆಗ್ಗಣ ಮುದ್ದಂತೆ. ಅತ್ತೆ ಹೆತ್ತದ್ದು ಮಗನನ್ನು, ಹೆಗ್ಗಣವನ್ನು ಹೆತ್ತವನು ಮಗ.

"ಇನ್ನೂ ಪಳಗಬೇಕು ಭಾವ. ನೂರು ಗಂಟೆ ಓಡಿದ ಮೇಲೆ ನೋಡಿ."

ಹೊಸ ಸ್ಪೀಕರಿನ ಅಂಚು ಬಳಸುತ್ತ ಕೊಂಚ ಸಡಿಲವಾಗುವುದು ನಿಜ. ಆದರೆ ನೂರು ಗಂಟೆ ಒಂದೇ ಸದ್ದು ಕೇಳಿದರೆ ಪಳಗುವುದು ಯಾರು ಎಂಬುದನ್ನು ಈ ಹುಚ್ಚಿನ ಮಂದಿ ಯಾವತ್ತೂ ಅಳೆದದ್ದಿಲ್ಲ. ಮೈಕ್ ಇಟ್ಟು ಅಳೆಯುವುದು ಇವರಲ್ಲಿ ಮಡಿವಂತರ ಅಡುಗೆಮನೆಗೆ ಚಪ್ಪಲಿ ಮೆಟ್ಟಿ ಹೋದ ಹಾಗೆ.

ಆಮೇಲೆ ರಿಪೇರಿ ಪರ್ವ. ಮೇಲಿನ ಸ್ವರಕ್ಕೆಂದು ಎಸ್.ಪಿ. ರೋಡಿನಿಂದ ಟ್ವೀಟರ್ ಬಂತು. ತೊಪ್ಪಿಗೆಂದು ಸಬ್‌ವೂಫರ್, ಅದಕ್ಕೆ ಇನ್ನೊಂದು ಆಂಪ್ಲಿಫೈಯರ್. ಗೂನು ಸವರಲು ಕಾಯಿಲು, ಕೆಪಾಸಿಟರ್, ರೆಸಿಸ್ಟರ್. ಕೊನೆಗೆ ಗಿಟಾರ್ ಸ್ಪೀಕರಿನ ಪಾಲಿಗೆ ಉಳಿದದ್ದು 100ರಿಂದ 1500 ಹರ್ಟ್ಸ್. ಅಂದರೆ, ಅದನ್ನು ಗಿಟಾರ್ ಸ್ಪೀಕರ್ ಮಾಡಿದ್ದನ್ನೆಲ್ಲ ಒಂದೊಂದಾಗಿ ಕಾಸು ಕೊಟ್ಟು ತೆಗೆಸಿದ. ಈಗ ಕೇಳಬಹುದು, ನಿಜ ಹೇಳಬೇಕು. ಆ ದುಡ್ಡಿಗೆ ಒಳ್ಳೆಯ ಹೈ-ಫೈ ಸ್ಪೀಕರ್ ಜೋಡಿಯೂ ಬರುತ್ತಿತ್ತು, ಹಾಲಿನಲ್ಲಿ ದೀವಾನವೂ ಉಳಿಯುತ್ತಿತ್ತು.

ಹೋದ ಭಾನುವಾರ ಮೇಲಿನ ಮಹಡಿಯ ಹುಡುಗ ಬಂದ. ಎಲೆಕ್ಟ್ರಿಕ್ ಗಿಟಾರ್ ಕಲಿಯುತ್ತಾನೆ. ಅವನ ಚಿಕ್ಕ ಆಂಪ್ಲಿಫೈಯರಿನ ಸ್ಪೀಕರ್ ಹರಿದಿತ್ತಂತೆ. "ಅಂಕಲ್, ಒಂದ್ಸಲ ಇದಕ್ಕೆ ಕೊಟ್ಟು ನೋಡ್ಲಾ?" ಅಂದ. ಟ್ವೀಟರ್, ಸಬ್‌ವೂಫರ್, ಗೂನಿನ ಮದ್ದು ಎಲ್ಲ ಕಳಚಿ, ಎರಡೇ ಎರಡು ತಂತಿ ಜೋಡಿಸಿ, ಒಂದು ಬಾರಿ ಮೀಟಿದ.

ಕಿಟಕಿ ಗಾಜು ಗುಂಯ್ ಅಂತು. ತುಂಬಿದ, ತುಸು ಕೆರೆಯುವ, ಎದೆಗೇ ಬಂದು ತಾಗುವ ನಾದ. ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಬಂದು ಬಾಗಿಲಲ್ಲಿ ನಿಂತರು. "ಪರವಾಗಿಲ್ವೇ, ಚೆನ್ನಾಗಿದೆ" ಅಂದರು.

ಭಾವಮೈದುನ ನನ್ನ ತೋಳು ಹಿಡಿದು ಅಲ್ಲಾಡಿಸಿದ. ಮುಖದಲ್ಲಿ ನೂರು ಗಂಟೆಯ ತಪಸ್ಸು ಫಲಿಸಿದ ಕಳೆ.

"ನೋಡಿದ್ರಾ ಭಾವ, ಪಳಗ್ತು!"