ತಲೆಬಾಲ ಗೊತ್ತಿಲ್ಲದ ದಾರ

ಮಿಶಿಗನ್‌ನ ನಮ್ಮ ಬಡಾವಣೆಯಲ್ಲಿ ಚಳಿ ಬಿಟ್ಟ ಮೊದಲ ಶನಿವಾರ ಎಲ್ಲರ ಗ್ಯಾರೇಜಿನ ಬಾಗಿಲೂ ತೆರೆಯುತ್ತದೆ. ತೀರಿಹೋದ ಅಜ್ಜಂದಿರ ಆಸ್ತಿಯೆಲ್ಲ ರಸ್ತೆಗೆ ಬರುತ್ತದೆ. ಅಂಥದ್ದೊಂದು ಗ್ಯಾರೇಜ್ ಸೇಲಿನಲ್ಲಿ 15 ಡಾಲರ್ ಕೊಟ್ಟು ಬಿಳಿಯ ಫೈಬರ್‌ಗ್ಲಾಸ್ ಗಾಳದ ಕೋಲು ತಂದೆ. ಶೇಕ್ಸ್‌ಪಿಯರ್ ಕಂಪನಿಯ ವಂಡರಾಡ್. ನಾಟಕದ ಶೇಕ್ಸ್‌ಪಿಯರ್ ಅಲ್ಲ, ಇದೇ ರಾಜ್ಯದ ಕಲಮಜೂ ಊರಿನವನು. ಜೊತೆಗೆ ಫ್ಲೂಗರ್ ಮೆಡಲಿಸ್ಟ್ ರೀಲು, ಅದರ ತುಂಬ ಚಹಾ ಸೋಸಿದ ಬಟ್ಟೆಯ ಬಣ್ಣದ ಫ್ಲೈ ಲೈನ್ ದಾರ.

ಹಿತ್ತಲಿನ ಹುಲ್ಲಿನ ಮೇಲೆ ನಿಂತು ಬೀಸಿದೆ. ದಾರ ಮೂರು ಮಾರು ಹೋಗಿ, ಮನಸ್ಸು ಬದಲಾಯಿಸಿ, ಕಾಲಬುಡದಲ್ಲೇ ಸುರುಳಿ ಸುತ್ತಿಕೊಂಡು ಬಿತ್ತು. ಹತ್ತು ಸಲ ಬೀಸಿದರೆ ಹತ್ತು ಸಲವೂ ಅದೇ ಕಥೆ. ಬೇಲಿಯಾಚೆಯ ನೆರೆಯವರು, ‘ಗ್ಲಾಸ್ ಕೋಲುಗಳೇ ಹಾಗೆ, ಬೆಂದ ನೂಡಲ್ಸು’ ಎಂದು ತೀರ್ಪು ಕೊಟ್ಟು ಒಳಗೆ ಹೋದರು. ಕೋಲಿಗೆ ಶಿಕ್ಷೆ ಕೊಡುವ ಮುನ್ನ ದಾರವನ್ನೂ ಒಂದು ಮಾತು ಕೇಳೋಣ ಅನ್ನಿಸಿತು. ರೀಲನ್ನು ಊಟದ ಮೇಜಿನ ಮೇಲಿಟ್ಟು ಎದುರು ಕೂತೆ. ದಾರಕ್ಕೆ ಕನ್ನಡ ಹೇಗೆ ಬಂತೆಂದು ಕೇಳಬೇಡಿ. ನನ್ನ ಕೈಗೆ ಸಿಕ್ಕ ಯಾವ ವಸ್ತುವಾದರೂ ಎರಡು ದಿನದಲ್ಲಿ ಕನ್ನಡ ಕಲಿಯುತ್ತದೆ, ಬೈಗುಳದಿಂದ ಶುರುಮಾಡಿ.

ನಾನು: ತಮ್ಮ ಹೆಸರು?

ದಾರ: ಡಬ್ಬಿಯ ಮೇಲೆ ಬರೆದಿತ್ತು. ಆ ಡಬ್ಬಿಗೆ ನನ್ನ ಹಳೆಯ ಯಜಮಾನರು ಮೊಳೆ ತುಂಬಿಕೊಂಡರು.

ನಾನು: ವಯಸ್ಸು?

ದಾರ: ಪಾಸ್‌ಪೋರ್ಟ್ ಆಫೀಸಿನವರ ಹಾಗೆ ಕೇಳಬೇಡ. ಉಗುರಿನಲ್ಲಿ ಸ್ವಲ್ಪ ಕೆರೆದು ನೋಡು. ಒಳಗೆ ಹೆಣೆದ ನೈಲಾನ್, ಮೇಲೆ ಪ್ಲಾಸ್ಟಿಕ್ ಹೊದಿಕೆ. ಅಂದಮೇಲೆ ರೇಷ್ಮೆಯವನಲ್ಲ. ರೇಷ್ಮೆ ನಮ್ಮಪ್ಪನ ಕಾಲದ್ದು. ಅಬ್ಬಬ್ಬಾ, ಆ ಉಪಚಾರವೇ! ಹೊಳೆಯಿಂದ ಬಂದ ಸಂಜೆ ಪೂರ್ತಿ ಬಿಚ್ಚಿ ಒಣಹಾಕಬೇಕು, ಮಾರನೆಯ ದಿನ ಜಿಡ್ಡು ಸವರಬೇಕು. ಮರೆತರೆ ನೀರು ಕುಡಿದು ಮುಳುಗುತ್ತಿದ್ದ, ಒದ್ದೆ ಹಾಗೇ ಬಿಟ್ಟರೆ ಕೊಳೆಯುತ್ತಿದ್ದ. ಬಾಣಂತಿಗೂ ಅಷ್ಟು ಆರೈಕೆ ಇರಲಿಲ್ಲ. 1945ರಲ್ಲಿ ಇಲ್ಲೇ ಮಿಡ್‌ಲ್ಯಾಂಡ್‌ನಲ್ಲಿ ಲಿಯಾನ್ ಮಾರ್ಟುಚ್ ಎಂಬಾತ ಸೈಂಟಿಫಿಕ್ ಆಂಗ್ಲರ್ಸ್ ಕಂಪನಿ ಶುರುಮಾಡಿದ. ಡೌ ಕೆಮಿಕಲ್ ಕಂಪನಿಯ ಊರದು, ಪ್ಲಾಸ್ಟಿಕ್ಕಿಗೆ ಬರವೇ? 1950ರ ದಶಕದಲ್ಲಿ ನಮ್ಮಂಥ ಹೊದಿಕೆಯ ದಾರಗಳು ಬಂದವು, ಜಿಡ್ಡಿನ ಡಬ್ಬಿಗೆ ಕೆಲಸ ಹೋಯಿತು.

ನಾನು: ಬಣ್ಣ ನೋಡಿದರೆ ಕಾರ್ಟ್‌ಲ್ಯಾಂಡ್ 444 ಇರಬಹುದೇ? ಅದು ಪೀಚ್ ಬಣ್ಣಕ್ಕೆ ಹೆಸರಾದದ್ದು.

ದಾರ: ಹೌದು ಅಂದುಬಿಟ್ಟರೆ ನನಗೂ ಮರ್ಯಾದೆ. ಆದರೆ ನಲವತ್ತು ವರ್ಷದ ಪೈಪಿನ ಹೊಗೆ ಕುಡಿದ ಮೇಲೆ ಬಿಳಿಯೂ ಒಂದೇ, ಪೀಚೂ ಒಂದೇ. ಬಣ್ಣ ನೋಡಿ ಕುಲ ಹೇಳುವ ಅಭ್ಯಾಸ ಊರಿಂದಲೇ ತಂದೆಯಾ?

ನಾನು: ಅದು ಬಿಡಿ. ಕೋಲಿನ ಹಿಡಿಯ ಮೇಲ್ಗಡೆ ‘ಎಚ್‌ಸಿಎಚ್’ ಅಂತಿದೆ. ಯಾರ ಇನಿಷಿಯಲ್ಲು?

ದಾರ: ನಮ್ಮಪ್ಪನ ಕಾಲದ ಭಾಷೆ. ಎ ಅಂದರೆ ದಾರ ಇಂಚಿನ ಸಾವಿರದಲ್ಲಿ 60 ಭಾಗ ದಪ್ಪ, ಆಮೇಲೆ ಅಕ್ಷರಕ್ಕೆ ಐದೈದು ಕಡಿಮೆ. ಸಿ ಅಂದರೆ 50, ಎಚ್ ಅಂದರೆ 25. ತುದಿಯಲ್ಲಿ ಎಚ್, ಹೊಟ್ಟೆಯಲ್ಲಿ ಸಿ, ಮತ್ತೆ ತುದಿಯಲ್ಲಿ ಎಚ್. ಎರಡೂ ಕಡೆ ಸಣ್ಣಗಾಗುವ ಡಬಲ್ ಟೇಪರ್. ಎಲ್ಲರೂ ರೇಷ್ಮೆಯವರೇ ಆಗಿದ್ದಾಗ ದಪ್ಪ ಹೇಳಿದರೆ ತೂಕ ಹೇಳಿದ ಹಾಗೇ ಇತ್ತು. ಪ್ಲಾಸ್ಟಿಕ್ ಬಂದು ಲೆಕ್ಕ ಕೆಟ್ಟಿತು. ಮೂಟೆಯ ಗಾತ್ರ ನೋಡಿ ಹತ್ತಿಗೂ ಅಕ್ಕಿಗೂ ಒಂದೇ ತೂಕ ಬರೆದರೆ ಆಗುತ್ತದೆಯೇ?

ನಾನು: ತೂಕಕ್ಕೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಕೆ? ನಮ್ಮೂರ ಕೆರೆಯಲ್ಲಿ ಯಾರೂ ದಾರ ತೂಗಲಿಲ್ಲ.

ದಾರ: ನಿಮ್ಮೂರ ಗಾಳದಲ್ಲಿ ಸೀಸದ ಗುಂಡು ಇತ್ತು. ಗುಂಡು ಹಾರುತ್ತಿತ್ತು, ದಾರ ಅದರ ಹಿಂದೆ ಓಡುತ್ತಿತ್ತು. ಇಲ್ಲಿ ತುದಿಯಲ್ಲಿರುವುದು ಗರಿ ಕಟ್ಟಿದ ಹುಸಿ ನೊಣ, ಊದಿದರೆ ಹಾರೀತು. ಎಸೆಯುವ ಭಾರ ನಾನೇ. ನಾನು ಹಗುರಾದರೆ ಕೋಲು ಬಾಗದು, ಬಾಗದಿದ್ದರೆ ಚಿಮ್ಮದು. ಅದಕ್ಕೇ 1961ರಲ್ಲಿ ಅಮೆರಿಕದ ಗಾಳ ಸಾಮಗ್ರಿ ತಯಾರಕರ ಸಂಘದವರು ಅಕ್ಷರ ಬಿಟ್ಟು ಅಂಕಿಗೆ ಬಂದರು. ಮೊದಲ 30 ಅಡಿ 140 ಗ್ರೇನ್ ತೂಗಿದರೆ 5ನೇ ನಂಬರು, 160ಕ್ಕೆ 6, 185ಕ್ಕೆ 7. ಗ್ರೇನ್ ಅಂದರೆ ಮೂಲದಲ್ಲಿ ಕಾಳಿನ ತೂಕ, ನಿಮ್ಮ ಗುಲಗಂಜಿ ಇದ್ದ ಹಾಗೆ. ಬ್ರಿಟಿಷರ ತೊಲ ಎಷ್ಟು ಗೊತ್ತೇ? ಸರಿಯಾಗಿ 180 ಗ್ರೇನ್.

ನಾನು: ಅಂದರೆ 7ನೇ ನಂಬರಿನ ದಾರ ಹೆಚ್ಚುಕಮ್ಮಿ ಒಂದು ತೊಲ! ಇದನ್ನು ಮೊದಲೇ ಹೇಳಿದ್ದರೆ ಕನ್ನಡದವರಿಗೆ ಕೂಡಲೇ ತಿಳಿಯುತ್ತಿತ್ತು. ಎಚ್‌ಸಿಎಚ್ ಎಷ್ಟಾಯಿತು ಹಾಗಾದರೆ?

ದಾರ: ಒಂದು ಕೋಷ್ಟಕ 6 ಅನ್ನುತ್ತದೆ, ಇನ್ನೊಂದು 7. ಎರಡು ಪಂಚಾಂಗ ಇಟ್ಟುಕೊಂಡ ಮನೆಯವನು ನೀನು, ನಿನಗೆ ಇದು ಹೊಸದೇನಲ್ಲ. ಕೋಷ್ಟಕ ಬಿಡು, ನನ್ನನ್ನೇ ತೂಗು.

ಮನೆಯಾಕೆ ಕೇಸರಿ ತೂಗಲು ತಂದ ಪುಟ್ಟ ತಕ್ಕಡಿ ಸಿಕ್ಕಿತು. ಸಿಗದೇ ಹೋದದ್ದು 30 ಅಡಿ ಜಾಗ. ಅಡುಗೆಮನೆಯಿಂದ ಹಜಾರ ದಾಟಿ ಮುಂಬಾಗಿಲವರೆಗೆ ಎಳೆದರೂ ನಾಲ್ಕು ಅಡಿ ಹೊರಗೆ, ಮೆಟ್ಟಿಲ ಮೇಲೆ. ಗುರುತಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ, ಅಷ್ಟನ್ನು ಉಂಡೆ ಮಾಡಿ ತಕ್ಕಡಿಯ ಮೇಲಿಟ್ಟೆ. 5.2 ಗ್ರಾಂ.

ನಾನು: ಇದು 80 ಗ್ರೇನು. 2ನೇ ನಂಬರು! ಈ ಕೋಲಿಗೆ ಎರಡೇ?

ದಾರ: (ಮೌನ)

ನಾನು: ಮಾತಾಡಿ.

ದಾರ: ಇನ್ನೂ ಎಳೆ.

ಎಳೆದೆ. ಐವತ್ತು ಅಡಿಯವರೆಗೂ ಒಂದೇ ಸಮ, ತೆಳು. ಅಲ್ಲಿಂದ ಮುಂದೆ ಬೆರಳ ಸಂದಿಯಲ್ಲಿ ದಾರ ಮೆಲ್ಲಗೆ ಊದಿಕೊಳ್ಳತೊಡಗಿತು. ರೀಲಿನ ಬುಡಕ್ಕೆ ಬರುವ ಹೊತ್ತಿಗೆ ಕೈಯಲ್ಲಿದ್ದುದು ತುಂಬಿದ ಮೈಯ ಹಾವು. ಅಲ್ಲಿಯ ಬಣ್ಣವೇ ಬೇರೆ, ಹೊಗೆ ತಾಗದ ನಸುಗೆಂಪು.

ನಾನು: ಇದೇನಿದು?

ದಾರ: ನಾಚಿಕೆಯ ವಿಷಯ. ನಾನು ಡಬಲ್ ಟೇಪರ್ ಅಲ್ಲ, ವೆಯ್ಟ್ ಫಾರ್ವರ್ಡ್. ಭಾರವೆಲ್ಲ ತಲೆಯ ಕಡೆ, ಹಿಂದೆ ಉದ್ದಕ್ಕೂ ತೆಳು ಬಾಲ. ಒಮ್ಮೆ ತಲೆಯ ತುದಿಯಲ್ಲಿ ಬಿರುಕು ಬಿಟ್ಟಿತು. ಯಾರೋ ಪುಣ್ಯಾತ್ಮರು ಯಜಮಾನರಿಗೆ, ‘ತಿರುಗಿಸಿ ಕಟ್ಟು, ಇನ್ನೊಂದು ಆಯುಷ್ಯ ಬರುತ್ತದೆ’ ಅಂದರು. ಡಬಲ್ ಟೇಪರಿಗೆ ಅದು ಅಪ್ಪಟ ಬುದ್ಧಿಮಾತು, ಅದರ ಎರಡು ತುದಿಯೂ ಒಂದೇ. ನನ್ನನ್ನು ತಿರುಗಿಸಿದಾಗ ತಲೆ ರೀಲಿನ ಬುಡಕ್ಕೆ ಹೋಯಿತು, ಬಾಲ ಹೊಳೆಗೆ ಬಂತು.

ನಾನು: ಯಜಮಾನರಿಗೆ ತಿಳಿಯಲಿಲ್ಲವೇ?

ದಾರ: ತಿಳಿಯಿತು, ಕೋಲು ಸತ್ತಿದೆ ಅಂತ! ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. ಅದರ ಹಿಂದಿನ ಬೇಸಿಗೆಯವರೆಗೆ ಆ ಕೋಲಿನಲ್ಲಿ ಟ್ರೌಟ್ ಹಿಡಿದು ಹಿಡಿದು ಫೋಟೋ ತೆಗೆಸಿಕೊಂಡವರು. ಅಷ್ಟರಲ್ಲಿ 1973ರ ಸುಮಾರಿಗೆ ಫೆನ್ವಿಕ್ ಕಂಪನಿ ಗ್ರಾಫೈಟ್ ಕೋಲು ತಂದಿತು. ಕಡ್ಡಿಯ ಹಾಗೆ ಬಿರುಸು, ಹಗುರ. ಯಜಮಾನರು ಅದನ್ನು ಕೊಂಡರು, ನಾವಿಬ್ಬರೂ ನೆಲಮಾಳಿಗೆ ಸೇರಿದೆವು. ಗ್ಲಾಸ್ ಕೋಲೆಂದರೆ ನೂಡಲ್ಸು ಎಂದು ನಿನ್ನ ನೆರೆಯವರು ಹೇಳಿದರಲ್ಲ, ಅವರು ಕೋಲು ಕೊಂಡಾಗ ದಾರ ತೂಗಿದ್ದರೇ ಕೇಳಿ ಬಾ.

ನಾನು: ಆಗಲೇ ಹೇಳಬಹುದಿತ್ತಲ್ಲ ನೀವು?

ದಾರ: ತಕ್ಕಡಿ ತಂದವನು ನೀನೇ ಮೊದಲು.

ತಲೆಯ ಕಡೆಯ 30 ಅಡಿಯನ್ನು ತಕ್ಕಡಿಗಿಟ್ಟೆ. 11.7 ಗ್ರಾಂ. ತೊಲ. ಉದುರಿದ ಚೂರುಗಳನ್ನು ಲೆಕ್ಕಕ್ಕೆ ಹಿಡಿದರೆ ನಿಜವಾಗಿ 7ನೇ ನಂಬರು.

ನಾನು: ಹಾಗಾದರೆ ತಿರುಗಿಸಿ ಕಟ್ಟಿದರೆ ಸರಿಹೋಯಿತು! ಉಗುರುಬೆಚ್ಚಗಿನ ಸಾಬೂನು ನೀರಲ್ಲಿ ತೊಳೆದು...

ದಾರ: ತೊಳೆದರೆ ಕೊಳೆ ಹೋಗುತ್ತದೆ, ಮುಪ್ಪು ಹೋಗುವುದಿಲ್ಲ. ಬೆರಳಿಗೆ ಸುತ್ತಿ ಬಾಗಿಸಿ ನೋಡು, ಗೋಡೆಯ ಸುಣ್ಣದ ಹಾಗೆ ಬಿರುಕು. ಪ್ಲಾಸ್ಟಿಕ್ಕನ್ನು ಮೆತ್ತಗಿಡುವ ಎಣ್ಣೆಯಂಥ ವಸ್ತು ಹೊರಟುಹೋಗಿದೆ. ಇಲ್ಲಿನ ಸೊಳ್ಳೆಗೆ ಹೆದರಿ ಯಜಮಾನರು ಡೀಟ್ ಎಂಬ ಸೊಳ್ಳೆಮದ್ದು ಹಚ್ಚಿದ ಕೈಯಲ್ಲೇ ನನ್ನನ್ನು ಎಳೆಯುತ್ತಿದ್ದರು. ಸೊಳ್ಳೆ ಬದುಕಿತು, ನನ್ನ ಚರ್ಮ ಕರಗಿತು. ಬಿರುಕಿನಲ್ಲಿ ನೀರು ನುಗ್ಗಿದರೆ ತುದಿ ಮುಳುಗುತ್ತದೆ. ಹೊಸದು ತಾ.

ನಾನು: ಅಂಗಡಿಗೆ ನಿನ್ನೆಯೇ ಹೋಗಿದ್ದೆ. ದಾರಕ್ಕೆ 90 ಡಾಲರ್! ಎಮ್ಮೆಗೆ ಹದಿನೈದು, ಹಗ್ಗಕ್ಕೆ ತೊಂಬತ್ತು. ಅಂಗಡಿಯವನು ‘7 ಬೇಕಾದರೆ ಈ 7’ ಅಂದ.

ದಾರ: ಡಬ್ಬಿಯ ಹಿಂದೆ ನೋಡಿದೆಯಾ? ಇರುವೆ ಸಾಲಿನಂಥ ಅಕ್ಷರದಲ್ಲಿ ‘ಅರ್ಧ ಸೈಜು ಭಾರ’ ಅಂತಿರುತ್ತದೆ. ಈಗಿನ ಕೋಲುಗಳು ಎಷ್ಟು ಬಿರುಸೆಂದರೆ ತಮ್ಮ ನಂಬರಿನ ದಾರಕ್ಕೆ ಬಾಗುವುದೇ ಇಲ್ಲ. ಕೋಲು ಬಿರುಸು ಅಂತ ಒಪ್ಪಿಕೊಂಡರೆ ಮರ್ಯಾದೆ ಹೋಗುತ್ತದಲ್ಲ, ಅದಕ್ಕೆ ದಾರವನ್ನೇ ಕೊಬ್ಬಿಸಿ ಹಳೆಯ ನಂಬರನ್ನೇ ಅಂಟಿಸುತ್ತಾರೆ. ನಿನ್ನ ಅಂಗಿಯ ಸೈಜಿನ ಹಾಗೆ. ಹೊಟ್ಟೆ ಬೆಳೆಯಿತು, ಪಟ್ಟಿಯ ಮೇಲೆ ಇನ್ನೂ ಮೀಡಿಯಂ. ಗ್ಲಾಸ್ ಕೋಲಿಗೆ ಅಂಥ ದಾರ ಹಾಕಿದರೆ ಅದು ಹಿಡಿಯವರೆಗೂ ಬಗ್ಗಿ ಸಲಾಮು ಹೊಡೆಯುತ್ತದೆ. ನಿನ್ನ ನೆರೆಯವರು ಮತ್ತೆ ನೂಡಲ್ಸು ಅನ್ನುತ್ತಾರೆ. ನಂಬರು ಓದಬೇಡ, ಗ್ರೇನ್ ಓದು. ಸಾಧ್ಯವಾದರೆ 6 ಒಂದು, 7 ಒಂದು ಯಾರದಾದರೂ ಸಾಲ ತಂದು ಎರಡನ್ನೂ ಬೀಸಿ ನೋಡು. ಡಬಲ್ ಟೇಪರ್ ಸಿಕ್ಕರೆ ಅದನ್ನೇ ತಗೋ, ನಿನ್ನಂಥವನಿಗೆ ಯಾವ ತುದಿ ಕಟ್ಟಿದರೂ ತೊಂದರೆಯಿಲ್ಲ.

ನಾನು: ಬೀಸುವಾಗ ಏನಾದರೂ...

ದಾರ: ಕಾಯಬೇಕು. ಹಿಂದಕ್ಕೆ ಬೀಸಿದ ಮೇಲೆ ದಾರ ಪೂರ್ತಿ ಬಿಚ್ಚಿಕೊಳ್ಳುವ ತನಕ ಕೈ ನಿಲ್ಲಬೇಕು. ಗ್ಲಾಸ್ ನಿಧಾನದ ಜೀವ. ನಿನ್ನೆ ನೀನು ಬೀಸಿದ್ದು ನೊಣ ಓಡಿಸುವ ಹಾಗಿತ್ತು.

ಮೂರನೆಯ ದಿನ ಅಂಗಡಿಯಲ್ಲಿ ಡಬಲ್ ಟೇಪರ್ ಮುಗಿದಿತ್ತು. ಡಬ್ಬಿಗಳನ್ನೆಲ್ಲ ತಿರುವಿಹಾಕಿ, 185 ಗ್ರೇನ್ ಎಂದೇ ಬರೆದಿದ್ದ ವೆಯ್ಟ್ ಫಾರ್ವರ್ಡ್ ಒಂದನ್ನು ತಂದೆ. ರಾತ್ರಿ ಊಟದ ನಂತರ ಟಿವಿ ನೋಡುತ್ತಲೇ ರೀಲಿಗೆ ಸುತ್ತಿ ಮುಗಿಸಿದೆ. ಹಳೆಯ ದಾರ ಅಷ್ಟರಲ್ಲಿ ಹಿತ್ತಲಿನ ಅವರೆ ಬಳ್ಳಿಗೆ ಚಪ್ಪರದ ಹಗ್ಗವಾಗಿ ನೇಮಕಗೊಂಡು, ಹೊರಡಲು ಮೇಜಿನ ಮೇಲೆ ಉಂಡೆಯಾಗಿ ಕೂತಿತ್ತು.

ದಾರ: ಚೆನ್ನಾಗಿ ಸುತ್ತಿದ್ದೀಯ. ಅಂದಹಾಗೆ, ನಿನ್ನ ಮೊಣಕೈಗೆ ಅಂಟಿಕೊಂಡಿರುವ ಆ ಚೀಟಿ ಏನು?

ತಿರುಗಿಸಿ ನೋಡಿದೆ. ಬೆರಳಗಲದ ಸ್ಟಿಕರು. ‘ಈ ತುದಿ ರೀಲಿಗೆ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.