ಗೇಣೆತ್ತರದ ಕತ್ತಲೆ

“ಹಿತ್ತಿಲಲ್ಲಿ ಹೊಸದಾಗಿ ಮರದ ಜಗಲಿ ಮಾಡಿಸಿದೀವಿ ಅಪ್ಪ, ನೀನು ಬಂದಾಗ ಅಲ್ಲೇ ಕೂತು ಪೇಪರ್ ಓದಬಹುದು” ಎಂದು ಮಗಳು ಫೋನಿನಲ್ಲಿ ಹೇಳಿದಾಗ ನಾನು ಜಗಲಿ ಎಂಬ ಮಾತನ್ನು ಪೂರ್ತಿ ನಂಬಿಬಿಟ್ಟೆ. ಒರಗಲು ಗೋಡೆ, ತಬ್ಬಿಕೊಳ್ಳಲು ಒಂದು ಕಂಬ, ಕೈಗೆಟುಕುವಲ್ಲಿ ಎಲೆಅಡಿಕೆ ತಟ್ಟೆ. ಇಂಗ್ಲೆಂಡಿನ ರೆಡಿಂಗ್ ಎಂಬ ಊರಿಗೆ ಹೋಗಿ ಇಳಿದು ನೋಡಿದರೆ ಗೋಡೆಯೂ ಇಲ್ಲ, ಮಾಡೂ ಇಲ್ಲ. ಅಂಗೈಯಗಲದ ಹುಲ್ಲುಹಾಸು, ಅದರ ಒಂದು ತುದಿಗೆ ನೆಲದಿಂದ ಗೇಣೆತ್ತರದಲ್ಲಿ ಸಾಲಾಗಿ ಬಡಿದ ಹಲಗೆಗಳು. ಇದಕ್ಕೆ ಡೆಕಿಂಗ್ ಎನ್ನುತ್ತಾರಂತೆ. ಹಡಗು ಮುಂದೆ ಹೋಗಿ ಡೆಕ್ಕು ಮಾತ್ರ ಇಲ್ಲೇ ಉಳಿದುಬಿಟ್ಟಂತೆ ಕಾಣುತ್ತಿತ್ತು.

ಆದರೂ ಮೊದಲ ವಾರ ಸುಖವಾಗಿಯೇ ಕಳೆಯಿತು. ಬಿಸಿಲು ಬಂದ ದಿನ (ಅಲ್ಲಿ ಬಿಸಿಲು ಬಂದರೆ ಅದೇ ಒಂದು ಸುದ್ದಿ) ಕುರ್ಚಿ ಹಾಕಿಕೊಂಡು, ಕೈಯಲ್ಲಿ ಒಗ್ಗರಣೆ ಅವಲಕ್ಕಿಯ ಬಟ್ಟಲು ಹಿಡಿದು ಕೂರುತ್ತಿದ್ದೆ. ಹಲಗೆ ಹಲಗೆಯ ನಡುವೆ ಪೆನ್ಸಿಲ್ ದಪ್ಪದ ಸಂದು ಬಿಟ್ಟಿದ್ದರು. ಮಳೆ ನೀರು ಇಳಿದುಹೋಗಲಿ, ಮರ ಉಬ್ಬಿದಾಗ ಒಂದನ್ನೊಂದು ನೂಕದಿರಲಿ ಎಂದು. ನೀರಿಗಾಗಿ ಬಿಟ್ಟ ಆ ದಾರಿಯಲ್ಲಿ ಅವಲಕ್ಕಿಯೂ ಇಳಿಯುತ್ತದೆ, ಶೇಂಗಾಬೀಜದ ಸಿಪ್ಪೆಯೂ ಇಳಿಯುತ್ತದೆ, ಮೊಮ್ಮಗನ ಬಿಸ್ಕತ್ತಿನ ಅರ್ಧಭಾಗವಂತೂ ದಿನಾ ಇಳಿಯುತ್ತದೆ. ಮೇಲಿನಿಂದ ಗುಡಿಸಿದಷ್ಟೂ ಹಲಗೆ ಚೊಕ್ಕಟ, ಕೆಳಗೆ ಉಗ್ರಾಣ.

ಎರಡನೆಯ ವಾರ ಮಗಳು ಒಂದು ಬಾಲ ನೋಡಿದಳು. ಬಾಲ ಮಾತ್ರ. ಸಂಜೆ ಬಟ್ಟೆ ತೆಗೆಯಲು ಹೋದವಳು ಓಡಿಬಂದು “ಡೆಕ್ ಕೆಳಗೆ ಏನೋ ಹೋಯ್ತು” ಎಂದಳು. ಅಡುಗೆಮನೆಯಲ್ಲಿ ವಿಚಾರಣೆ ಶುರುವಾಯಿತು. ಬಾಲ ಪೊದೆಯಂತಿತ್ತೋ, ಹಗ್ಗದಂತಿತ್ತೋ? ಪೊದೆಯಾದರೆ ಅಳಿಲು, ಹಗ್ಗವಾದರೆ ಇನ್ನೊಂದು. ಎಷ್ಟು ಉದ್ದ? ಮಗಳು ಸೌಟಿನ ಹಿಡಿಯನ್ನು ತೋರಿಸಿದಳು. ಅಳಿಯ ಬೆಂಗಳೂರಿನ ಹುಡುಗ, ಕಂಪ್ಯೂಟರಿನವನು, ಯಾವುದಕ್ಕೂ ಗಾಬರಿಯಾಗದ ಸ್ವಭಾವ. “ಏನಿಲ್ಲ ಮಾವ, ಬೆಕ್ಕಿರತ್ತೆ. ಸುಮ್ನೆ ತಲೆ ಕೆಡಿಸ್ಕೋಬೇಡಿ” ಎಂದ. ಸೌಟಿನ ಹಿಡಿಯಂಥ ಬಾಲದ ಬೆಕ್ಕನ್ನು ನಾನಂತೂ ಕಂಡಿಲ್ಲ.

ಮಲೆನಾಡಿನ ಅಡಿಕೆ ಬೆಳೆಗಾರರ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ ಒಂದು ಬಾಲಕ್ಕೆ ಇಷ್ಟು ಗಲಾಟೆ ಯಾಕೆ ಎನಿಸಬೇಕಿತ್ತು. ನಮ್ಮ ಅಟ್ಟದಲ್ಲಿ ರಾತ್ರಿಯಿಡೀ ಇಲಿಗಳ ಓಟದ ಪಂದ್ಯ. ಪಣತದಿಂದ ಭತ್ತ ಕದ್ದು, ತೆಂಗಿನಕಾಯಿಗೆ ತೂತು ಕೊರೆದು, ಜಾತಕದ ಕಟ್ಟಿನ ಅಂಚು ತಿಂದು, ನಡುರಾತ್ರಿಗೆ ಒಂದು ಕಾಯಿಯನ್ನು ಅಟ್ಟದ ಈ ತುದಿಯಿಂದ ಆ ತುದಿಗೆ ಉರುಳಿಸುತ್ತಿದ್ದವು. ಕೆಳಗೆ ಹದಿಮೂರು ಜನ ಚಾಪೆ ಹಾಸಿ ಗೊರಕೆ ಹೊಡೆಯುತ್ತಿದ್ದೆವು. ಅಜ್ಜಿಯದು ಒಂದೇ ಕಟ್ಟುನಿಟ್ಟು: ಇಲಿಪಾಷಾಣದ ಮಾತನ್ನು ಮನೆಯೊಳಗೆ ಆಡಬಾರದು. ಅವು ಕೇಳಿಸಿಕೊಂಡು, ಸೇಡಿಗೆ ಹೊಸ ಸೀರೆಯನ್ನೇ ಹುಡುಕಿ ಕಡಿಯುತ್ತವೆ. ಹಾಗಾಗಿ ಅಪ್ಪ ಮತ್ತು ಚಿಕ್ಕಪ್ಪ ಕೊಟ್ಟಿಗೆಯ ಹಿಂದೆ ನಿಂತು, ಯಾವುದೋ ಜಮೀನಿನ ವ್ಯಾಜ್ಯ ಮಾತಾಡುವವರಂತೆ ಪಿಸುಗುಟ್ಟುತ್ತಿದ್ದರು. ಸೀರೆ ಮಾತ್ರ ಪ್ರತಿವರ್ಷ ತೂತಾಗುತ್ತಿತ್ತು. ಚಿಕ್ಕಪ್ಪನ ಪಿಸುಮಾತು ಸ್ವಲ್ಪ ಜೋರು.

ಅಂಥ ನನಗೆ ರೆಡಿಂಗ್‌ನಲ್ಲಿ ನಿದ್ದೆ ಹೋಯಿತು. ಯಾಕೆಂದು ಮಲಗಿಕೊಂಡೇ ಯೋಚಿಸಿದೆ. ನಮ್ಮ ಇಲಿ ತಲೆಯ ಮೇಲಿತ್ತು. ಸದ್ದು ಮಾಡುತ್ತಿತ್ತು, ಏಣಿ ಹತ್ತಿದರೆ ಕಾಣುತ್ತಿತ್ತು. ಇದು ಕಾಲ ಕೆಳಗಿನದು, ಸದ್ದಿಲ್ಲ, ಬಗ್ಗಿದರೂ ಕಾಣುವುದಿಲ್ಲ.

ಮರುದಿನ ಅಳಿಯನ ಲ್ಯಾಪ್‌ಟಾಪಿನ ಮುಂದೆ ಕೂತು ಓದಿದಾಗ ನನ್ನ ಈ ತಲೆ-ಕಾಲಿನ ಸಿದ್ಧಾಂತಕ್ಕೆ ಬುಡವಿದೆ ಎಂದು ತಿಳಿದು ಹೆಮ್ಮೆಯಾಯಿತು. ಇವು ಎರಡು ಬೇರೆ ಜಾತಿಯವು. ಕರಿ ಇಲಿ ಹತ್ತುವುದರಲ್ಲಿ ನಿಸ್ಸೀಮ, ಮಾಡು-ಅಟ್ಟವೇ ಅದರ ಮನೆ. ಕಂದು ಇಲಿ ತೋಡುವುದರಲ್ಲಿ ಮತ್ತು ಈಜುವುದರಲ್ಲಿ ಗಟ್ಟಿಗ, ಅದಕ್ಕೆ ಬಿಲ ಬೇಕು, ಚರಂಡಿ ಬೇಕು. ಕರಿ ಇಲಿಯ ಮೂಲ ನಮ್ಮ ಇಂಡಿಯಾವೇ. ರೋಮನ್ನರ ಕಾಲಕ್ಕೇ ಬ್ರಿಟನ್ನು ಸೇರಿ ಶತಮಾನಗಟ್ಟಲೆ ಅಲ್ಲಿ ಸಂಸಾರ ಮಾಡಿತು. ಆಮೇಲೆ, ಹದಿನೆಂಟನೇ ಶತಮಾನದಲ್ಲಿ, ಕಂದು ಇಲಿ ಬಂದು ನಮ್ಮದನ್ನು ಮೂಲೆಗೆ ತಳ್ಳಿತು. ಈಗ ಬ್ರಿಟನ್ನಿನಲ್ಲಿ ಕರಿ ಇಲಿ ಹುಡುಕಿದರೂ ಸಿಗುವುದು ಕಷ್ಟ. ಕಂದು ಇಲಿಗೆ 1769ರಲ್ಲಿ ಜಾನ್ ಬರ್ಕನ್‌ಹೌಟ್ ಎಂಬ ವಿದ್ವಾಂಸ ‘ನಾರ್ವೆಯ ಇಲಿ’ ಎಂಬರ್ಥದ ಲ್ಯಾಟಿನ್ ಹೆಸರಿಟ್ಟ. ನಾರ್ವೆಗೂ ಅದಕ್ಕೂ ಸಂಬಂಧವಿಲ್ಲ, ಅದರ ತವರು ಉತ್ತರ ಚೀನಾ, ಮಂಗೋಲಿಯದ ಕಡೆ. ಪಾಪ, ನಾರ್ವೆಯವರು ಎರಡೂವರೆ ಶತಮಾನದಿಂದ ಈ ಅಪವಾದ ಹೊತ್ತಿದ್ದಾರೆ. ಪೊರಕೆ ಹಿಡಿದು ಅಟ್ಟುವಾಗ ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ, ಅದು ಬೇರೆ ಮಾತು. ನನಗೆ ಆರು ತಿಂಗಳ ವೀಸಾಕ್ಕೆ ಎಷ್ಟು ಕಾಗದ ಕೇಳಿದ್ದರು!

ಓದುತ್ತ ಹೋದರೆ ಹಲಗೆಗೂ ಒಂದು ಚರಿತ್ರೆಯಿದೆ. 1997ರಲ್ಲಿ ಬಿಬಿಸಿಯಲ್ಲಿ ‘ಗ್ರೌಂಡ್ ಫೋರ್ಸ್’ ಎಂಬ ಕಾರ್ಯಕ್ರಮ ಶುರುವಾಯಿತು. ಮನೆಯವರಲ್ಲಿ ಒಬ್ಬರನ್ನು ಹೊರಗೆ ಕಳಿಸಿ, ಅವರು ಬರುವುದರೊಳಗೆ ಹಿತ್ತಿಲನ್ನು ಎರಡೇ ದಿನದಲ್ಲಿ ಗುರುತು ಸಿಗದಂತೆ ಬದಲಿಸಿಬಿಡುವುದು. ಆಲನ್ ಟಿಚ್‌ಮಾರ್ಷ್ ಎಂಬ ತೋಟಗಾರ ಅದರ ಮುಖ. ಎರಡು ದಿನದಲ್ಲಿ ಗಿಡ ಬೆಳೆಯುವುದಿಲ್ಲ, ಹಲಗೆ ಮಾತ್ರ ಬಡಿಯಬಹುದು. 2005ರಲ್ಲಿ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ದೇಶದ ಹಿತ್ತಿಲುಗಳಿಗೆಲ್ಲ ಹಲಗೆಯ ಹುಚ್ಚು ಹಿಡಿದಾಗಿತ್ತು. ಇನ್ನು ಅಲ್ಲಿಯ ಕಾನೂನು: ಹಲಗೆ ನೆಲದಿಂದ 30 ಸೆಂಟಿಮೀಟರಿಗಿಂತ ಎತ್ತರವಾದರೆ ಅನುಮತಿ ಬೇಕು. ಅರ್ಜಿ ಗುಜರಾಯಿಸುವ ತಾಪತ್ರಯ ಯಾರಿಗೆ ಬೇಕು? ಎಲ್ಲರೂ ಅದಕ್ಕಿಂತ ತಗ್ಗಿನಲ್ಲೇ ಮುಗಿಸುತ್ತಾರೆ. ಬೆಕ್ಕು ಆರಾಮಾಗಿ ಓಡಾಡಲಾರದ, ಪೊರಕೆ ತೂರದ, ಗಾಳಿಮಳೆ ತಾಗದ ಒಂದು ಗೇಣು ಕತ್ತಲೆ. ಇಲಿಗಳೇ ಒಂದು ಸಮಿತಿ ಮಾಡಿಕೊಂಡು ನಿಯಮ ಬರೆದಿದ್ದರೂ ಇದಕ್ಕಿಂತ ಚೆನ್ನಾಗಿ ಬರೆಯುತ್ತಿರಲಿಲ್ಲ.

ನಮ್ಮೂರ ಅಂಗಳದಲ್ಲೂ ಹಲಗೆಯ ಡೆಕ್ಕು ಇತ್ತಲ್ಲ ಎಂದು ಆಗ ನೆನಪಾಯಿತು. ಬೇಯಿಸಿದ ಅಡಿಕೆ ಒಣಗಿಸುವ ಅಟ್ಟ. ಕಂಬದ ಮೇಲೆ ಅಡಿಕೆ ದಬ್ಬೆ ಜೋಡಿಸಿ, ಅದರ ಮೇಲೆ ಬಿದಿರು ತಟ್ಟಿ ಹಾಸಿ, ಆಳೆತ್ತರಕ್ಕೆ ಕಟ್ಟುತ್ತಿದ್ದರು. ಕೆಳಗೆ ಕರು ಕಟ್ಟಬಹುದು, ನಾವು ಗೋಲಿ ಆಡಬಹುದು, ನಾಯಿ ಮಲಗಬಹುದು. ಅಷ್ಟು ಸಂಚಾರವಿರುವಲ್ಲಿ ಇಲಿ ಬಿಡಾರ ಹೂಡುವುದಿಲ್ಲ. ಕಟ್ಟಿದರೆ ಮನುಷ್ಯ ನಿಲ್ಲುವಷ್ಟು ಎತ್ತರ ಕಟ್ಟಬೇಕು, ಇಲ್ಲವಾದರೆ ಸಗಣಿ ಸಾರಿಸಿದ ನೆಲದ ಮೇಲೇ ಕೂರಬೇಕು. ಈ ಅಭಿಪ್ರಾಯವನ್ನು ಊಟದ ಹೊತ್ತಿಗೆ ಮಂಡಿಸಿದೆ. “ಇಲ್ಲಿ ಸಗಣಿ ಎಲ್ಲಿ ತರೋದು ಮಾವ?” ಎಂದು ಅಳಿಯ ತೀರಾ ಗಂಭೀರವಾಗಿ ಕೇಳಿದ.

ಅಷ್ಟರಲ್ಲಿ ಸುದ್ದಿ ಬೇಲಿ ದಾಟಿತ್ತು. ಬಲಗಡೆಯ ಮನೆಯ ಅಜ್ಜಿ (ಅಜ್ಜಿ ಎಂದರೆ ನನಗಿಂತ ಎರಡು ವರ್ಷ ಚಿಕ್ಕವರು) ಹಕ್ಕಿಗಳಿಗೆಂದು ಶೇಂಗಾ, ಸೂರ್ಯಕಾಂತಿ ಬೀಜ ತುಂಬಿದ ಪಂಜರದಂಥ ಡಬ್ಬಿಗಳನ್ನು ತೂಗುಹಾಕಿದ್ದರು. ಹಕ್ಕಿಗಳು ಒಂದು ತಿಂದು ಮೂರು ಬೀಳಿಸುತ್ತವೆ. ಅವರ ಪ್ರಕಾರ ತಪ್ಪೆಲ್ಲ ಎಡಗಡೆಯವರ ಗೊಬ್ಬರದ ಡಬ್ಬದ್ದು. ಎಡಗಡೆಯವರ ಪ್ರಕಾರ ಹಿಂದಿನ ಬೀದಿಯಲ್ಲಿ ಯಾರೋ ಕೋಳಿ ಸಾಕಿದ್ದಾರೆ. ನಮ್ಮ ಅವಲಕ್ಕಿಯ ವಿಷಯವನ್ನು ನಾನು ಎತ್ತಲಿಲ್ಲ. ತಮ್ಮ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪಕ್ಕದವರ ಎಲೆಯ ನೊಣ ತೋರಿಸುವುದು ಗಾದೆಯ ಮಾತು ಎಂದುಕೊಂಡಿದ್ದೆ. ಇಲ್ಲಿ ಹೆಚ್ಚುಕಮ್ಮಿ ಅಕ್ಷರಶಃ ನಿಜವಾಗಿತ್ತು.

ಇಲಿಯ ವಿಷಯದಲ್ಲಿ ಲೆಕ್ಕ ಹಾಕುವುದೂ ಆ ದೇಶದ ಹಳೆಯ ಚಟ. 1909ರಲ್ಲಿ ಬೋಲ್ಟರ್ ಎಂಬಾತ ಇಲಿ ಸಮಸ್ಯೆಯ ಮೇಲೆ ಒಂದು ಪುಸ್ತಕವನ್ನೇ ಬರೆದ. ಎಕರೆಗೊಂದು ಇಲಿ ಎಂದರೆ ಸರಿಯಾದೀತೇ ಎಂದು ಹಳ್ಳಿಗಾಡಿನವರನ್ನು ಕೇಳಿದ, ಅವರು ಹೂಂ ಎಂದರು. ಸಾಗುವಳಿ ಭೂಮಿ 4 ಕೋಟಿ ಎಕರೆ, ಹಾಗಾಗಿ 4 ಕೋಟಿ ಇಲಿ. ಜನಸಂಖ್ಯೆಯೂ ಆಗ ಹೆಚ್ಚುಕಮ್ಮಿ ಅಷ್ಟೇ ಇತ್ತು, ಆದ್ದರಿಂದ ತಲೆಗೊಂದು ಇಲಿ. ನಮ್ಮೂರ ಶಾನುಭೋಗರು ಬೆಳೆ ಅಂದಾಜು ಬರೆಯುತ್ತಿದ್ದ ಪದ್ಧತಿಯೂ ಇದೇ. ಇಂಗ್ಲಿಷರು ಕಲಿಸಿದರೋ, ಇವರಿಂದಲೇ ಕಲಿತರೋ! 1949ರ ಒಂದು ಕಾಯಿದೆಯ ಪ್ರಕಾರವಂತೂ ತನ್ನ ಜಾಗದಲ್ಲಿ ಇಲಿಗಳು ಗಣನೀಯ ಸಂಖ್ಯೆಯಲ್ಲಿದ್ದರೆ ಸ್ಥಳೀಯ ಆಡಳಿತಕ್ಕೆ ಲಿಖಿತವಾಗಿ ತಿಳಿಸಬೇಕು. ಬಾಲ ಒಂದಕ್ಕೆ ಎಷ್ಟು ಗಣನೆ ಎಂದು ಕಾಯಿದೆಯಲ್ಲಿಲ್ಲ.

ಶನಿವಾರ ಅಳಿಯ ಸತುವಿನ ಲೇಪವಿದ್ದ ಸಣ್ಣ ಕಣ್ಣಿನ ತಂತಿಜಾಲರಿಯ ಸುರುಳಿ ತಂದ. ಹೆಬ್ಬೆರಳು ತೂರುವಷ್ಟು ಸಂದಿದ್ದರೆ ಇಲಿಗೆ ಹೆದ್ದಾರಿಯಂತೆ. ಹಲಗೆಯ ಅಂಚಿಗೆ ಜಾಲರಿ ಹೊಡೆದು, ತುದಿಯನ್ನು ಮಣ್ಣಿನೊಳಗೆ ಹೊರಮುಖವಾಗಿ ಮಡಚಿ ಹೂಳಬೇಕು. ತೋಡುತ್ತ ಬಂದ ಇಲಿಗೆ ತಂತಿ ತಾಗಿ ಬೇಸರ ಬರಬೇಕು. ಇಡೀ ದಿನ ನಾನು ಗುದ್ದಲಿ ಹಿಡಿದೆ, ಅವನು ಸುತ್ತಿಗೆ ಹಿಡಿದ. ಜಾಲರಿ ಮುಕ್ಕಾಲು ಭಾಗಕ್ಕೆ ಸಾಲುವಷ್ಟೇ ಇತ್ತು. ಮೆಟ್ಟಿಲ ಕಡೆ ಹಾಗೇ ಉಳಿಯಿತು. ಅಲ್ಲಿಡಲು ಒಂದು ಬೋನನ್ನೂ ತಂದಿದ್ದ. ಆದರೆ ಹೊಸ ವಸ್ತು ಕಂಡರೆ ಇಲಿ ಎಷ್ಟೋ ದಿನ ಹತ್ತಿರ ಸುಳಿಯುವುದಿಲ್ಲವಂತೆ. ನನಗೆ ಅದರ ಮೇಲೆ ಮೊದಲ ಬಾರಿ ಸ್ವಲ್ಪ ಪ್ರೀತಿ ಹುಟ್ಟಿತು. ಆ ಮನೆಯ ಬಚ್ಚಲಿನ ನಲ್ಲಿಯನ್ನು ನಾನೂ ನಾಲ್ಕು ದಿನ ಮುಟ್ಟಿರಲಿಲ್ಲ.

“ಇದೆಯೋ ಇಲ್ಲವೋ ಅಂತ ಮೊದಲು ತಿಳ್ಕೊಳ್ಳಿ. ಗುಡ್ಡ ಅಗೆದು ಇಲಿ ಹಿಡಿದ್ರು ಅಂತಾರೆ, ನಿಮಗೆ ಅದೂ ಸಿಗ್ಲಿಲ್ಲ” ಎಂದಳು ನನ್ನ ಹೆಂಡತಿ. ಉಪಾಯವೂ ಅವಳದೇ. ಬಾಯಿ ತೆರೆದೇ ಇದ್ದ ಮೆಟ್ಟಿಲ ಬುಡದ ಕಲ್ಲುಚಪ್ಪಡಿಯ ಮೇಲೆ ಹಿಟ್ಟು ಉದುರಿಸಿಟ್ಟರೆ ಬೆಳಿಗ್ಗೆ ಹೆಜ್ಜೆ ಕಾಣುತ್ತದೆ. ನಾನು ಅಕ್ಕಿಹಿಟ್ಟಿನ ಡಬ್ಬಕ್ಕೆ ಕೈಹಾಕಿದೆ. “ಅದನ್ನ ಹಾಕಿದ್ರೆ ಊಟಕ್ಕೆ ಕರೆದ ಹಾಗಾಗತ್ತೆ” ಎಂದು, ಹಬ್ಬಕ್ಕೆಂದು ಊರಿನಿಂದ ತಂದಿದ್ದ ರಂಗೋಲಿ ಪುಡಿಯ ಪೊಟ್ಟಣ ಬಿಚ್ಚಿದಳು. ಮಕ್ಕಳು ಮಲಗಿದ ಮೇಲೆ ಇಬ್ಬರೂ ಹೊರಗೆ ಹೋದೆವು. ಟೀ ಸೋಸುವ ಜಾಲರಿಯಲ್ಲಿ ಪುಡಿಯನ್ನು ಜರಡಿ ಹಿಡಿದು, ಪೇಪರಿನ ಅಂಚಿನಿಂದ ಸಮ ಮಾಡಿ, ಮಾತಿಲ್ಲದೆ ಒಳಗೆ ಬಂದೆವು. ಅಜ್ಜಿಯ ಕಟ್ಟುನಿಟ್ಟನ್ನು ಇಬ್ಬರೂ ಮರೆತಿರಲಿಲ್ಲ.

ಐದು ಗಂಟೆಗೇ ಬೆಳಕಾಗಿತ್ತು. ಹೋಗಿ ಕುಕ್ಕರಗಾಲಲ್ಲಿ ಕೂತು ನೋಡಿದೆ. ಒಂದು ಅಂಚಿನಲ್ಲಿ ಹಕ್ಕಿಯ ಮೂರು ಗೀಟಿನ ಹೆಜ್ಜೆ, ಹೊಲಿಗೆ ಹಾಕಿದಂತೆ. ಅದನ್ನು ಅಡ್ಡ ದಾಟಿ ಬೆಕ್ಕಿನ ದುಂಡನೆಯ ನಾಲ್ಕು ಗುರುತು. ಸೌಟಿನ ಹಿಡಿಯ ಬಾಲ ಎಳೆದ ಗೆರೆ ಎಲ್ಲೂ ಇಲ್ಲ. ಆದರೆ ನಟ್ಟನಡುವೆ ಬರಿಗಾಲಿನ ಎರಡು ದೊಡ್ಡ ಹೆಜ್ಜೆ. ಹೆಬ್ಬೆರಳು ತುಸು ದೂರ ಸರಿದು ನಿಂತದ್ದೂ ಸ್ಪಷ್ಟ. ಅದರ ಮುಂದೆ ಜೋಡಿಯಾಗಿ ಎರಡು ಗುಂಡನೆಯ ಗುಳಿ, ಅಲ್ಲೇ ಪಕ್ಕದಲ್ಲಿ ಒಂದು ಅಂಗೈ. ಯಾರೋ ಮಂಡಿಯೂರಿ, ಬಗ್ಗಿ, ಹಲಗೆಯಡಿ ಬಹಳ ಹೊತ್ತು ಟಾರ್ಚ್ ಬಿಟ್ಟು ನೋಡಿದ್ದಾರೆ.

ಪೊರಕೆ ತಂದು ಪುಡಿಯನ್ನೆಲ್ಲ ಗುಡಿಸಿ ಹುಲ್ಲಿಗೆ ಹಾಕಿದೆ. ಅಷ್ಟರಲ್ಲಿ ಅಳಿಯ ಎರಡು ಲೋಟ ಕಾಫಿ ಹಿಡಿದು ಬಂದ. “ಇಷ್ಟು ಬೇಗ ಎದ್ರಾ ಮಾವ? ಅದೇ ಯೋಚನೇನಾ? ನಾನಂತೂ ಮಲಗಿದ್ದೇ ಗೊತ್ತಿಲ್ಲ ನೋಡಿ, ಒಳ್ಳೇ ನಿದ್ದೆ” ಎಂದು ಕುರ್ಚಿ ಎಳೆದುಕೊಂಡ. ಅವನ ನೀಲಿ ಪೈಜಾಮದ ಎರಡೂ ಮಂಡಿ ಬೆಳ್ಳಗಿದ್ದವು.